ಮೆತ್ತಗಿದ್ದರಷ್ಟೇ ಉಣ್ಣೆಯಾ?

"ಅಯ್ಯೋ, ಎಷ್ಟು ಮೆತ್ತಗಿದೆ!"

ಅಲ್ಪಾಕಾ ಶೋ ಒಂದಕ್ಕೆ ಹೋದರೆ ಬೆಳಿಗ್ಗೆ ಬಾಗಿಲಿಂದ ಹಿಡಿದು ಸಂಜೆ ಪಾರ್ಕಿಂಗ್ ಲಾಟಿನ ತನಕ ಕಿವಿಗೆ ಬೀಳುವುದು ಇದೊಂದೇ ಮಾತು. ಮಕ್ಕಳು ಹೇಳ್ತಾರೆ, ಅಜ್ಜಿಯರು ಹೇಳ್ತಾರೆ, ಮೈಕ್ ಹಿಡಿದ ತೀರ್ಪುಗಾರ್ತಿ ಸ್ವಲ್ಪ ಗಂಭೀರ ಭಾಷೆಯಲ್ಲಿ ಅದನ್ನೇ ಹೇಳ್ತಾಳೆ. ನಾನೂ ಹೇಳಿದೆ ಬಿಡಿ. ಆದರೆ ಮನೆಗೆ ಬಂದ ಮೇಲೆ ಈ 'ಮೆತ್ತಗೆ' ಅನ್ನೋ ಮಾತಿನ ಮೇಲೇ ನನಗೊಂದು ತಕರಾರು ಹುಟ್ಟಿಕೊಂಡಿದೆ. ಅದನ್ನಿಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಹೆಣಿಗೆ ಗೊತ್ತಿಲ್ಲದವರು ದಯವಿಟ್ಟು ಓಡಿಹೋಗಬೇಡಿ, ಮುಂದೆ ಕಂಬಳಿ ವಿಷಯವೂ ಬರುತ್ತೆ :-)

ಅಲ್ಪಾಕಾ ನೋಡದವರಿಗೆ ಎರಡು ಮಾತು. ಒಂಟೆಯ ದೂರದ ದಾಯಾದಿ ಇದು. ಲಾಮಾಗಿಂತ ಗಿಡ್ಡ, ಕುರಿಗಿಂತ ಎತ್ತರ, ಉದ್ದ ಕತ್ತು, ಹಣೆ ಮೇಲೆ ಒಂದು ಜುಟ್ಟು, ಯಾವಾಗಲೂ "ಇದ್ಯಾರಪ್ಪ ಇವರು" ಅನ್ನೋ ಮುಖಭಾವ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದವರು ವಿಕೂನ್ಯಾ ಅನ್ನೋ ಕಾಡುಪ್ರಾಣಿಯನ್ನು ಸಾವಿರಾರು ವರ್ಷಗಳ ಹಿಂದೆ ಪಳಗಿಸಿ ಇದನ್ನು ಮಾಡಿಕೊಂಡರು. ಇವತ್ತಿಗೂ ಜಗತ್ತಿನ ಬಹುಪಾಲು ಅಲ್ಪಾಕಾಗಳು ಇರೋದು ಪೆರುವಿನಲ್ಲೇ, 30 ಲಕ್ಷಕ್ಕೂ ಮೀರಿ. ಎರಡು ಜಾತಿ: ಮೈಯೆಲ್ಲ ಉಬ್ಬಿಕೊಂಡು ಟೆಡ್ಡಿ ಬೇರ್ ತರ ಕಾಣೋದು ಹುವಕಾಯಾ, ರೇಷ್ಮೆ ಎಳೆಯಂಥ ಜಡೆಗಳು ಇಳಿಬಿದ್ದಿರೋದು ಸೂರಿ. ಕೂಗೋದಿಲ್ಲ, "ಹ್ಮ್ಮ್... ಹ್ಮ್ಮ್..." ಅಂತ ಗುನುಗುತ್ತವೆ. ನೂರಾರು ಅಲ್ಪಾಕಾ ಒಂದೇ ಸೂರಿನಡಿ ಗುನುಗಿದರೆ ಹಬ್ಬದ ದಿನ ಮಠದಲ್ಲಿ ಪಂಕ್ತಿಗೆ ಕಾದು ಕೂತವರ ಗುಜುಗುಜು ಕೇಳಿದ ಹಾಗಿರುತ್ತೆ. ಸಿಟ್ಟು ಬಂದರೆ ಉಗುಳುತ್ತವೆ, ಹೆಚ್ಚಾಗಿ ಒಂದರ ಮೇಲೊಂದು. ಮಧ್ಯೆ ನಾವಿದ್ದರೆ ನಮ್ಮ ಹಣೆಬರಹ. ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು: ಎಲ್ಲವೂ ಒಂದೇ ಮೂಲೆಗೆ ಹೋಗಿ ಬಹಿರ್ದೆಸೆ ಮುಗಿಸಿ ಬರುತ್ತವೆ. ಕೊಟ್ಟಿಗೆ ಬಾಚಿ ಬೆಳೆದವರಿಗೆ ಇದರ ಬೆಲೆ ಗೊತ್ತು.

ನಾನಿರೋದು ಒಹಾಯೋದಲ್ಲಿ. ಹೋದ ಶರತ್ಕಾಲದಲ್ಲಿ ಒಂದು ಶನಿವಾರ, ಮನೆಯಿಂದ ಒಂದೂವರೆ ಗಂಟೆ ದೂರದ ಕೌಂಟಿ ಮೈದಾನದಲ್ಲಿ ಈ ಶೋ ಇತ್ತು. ಮನೆಯವರು ಕ್ರಿಕೆಟ್ ನೆಪ ಹೇಳಿ ತಪ್ಪಿಸಿಕೊಂಡರು, ಹೆಣಿಗೆ ಗುಂಪಿನ ಇಬ್ಬರು ಗೆಳತಿಯರ ಜೊತೆ ನಾನು ಹೊರಟೆ. ಚೀಲದಲ್ಲಿ ಬುತ್ತಿ ಚಿತ್ರಾನ್ನ, ಅರ್ಧ ಹೆಣೆದ ಕಾಲುಚೀಲ, ಮತ್ತು "ನೂರು ಡಾಲರಿಗಿಂತ ಹೆಚ್ಚು ಖರ್ಚು ಮಾಡಲ್ಲ" ಅನ್ನೋ ಪ್ರತಿಜ್ಞೆ.

ರಿಂಗಿನ ಆಟ ನಡೆಯೋದು ಹೀಗೆ. ಬಣ್ಣ, ವಯಸ್ಸು, ಗಂಡು, ಹೆಣ್ಣು ಅಂತ ಗುಂಪು ಮಾಡಿ ಐದಾರು ಪ್ರಾಣಿಗಳನ್ನು ಮೂಗುದಾರದಂಥ ಹಾಲ್ಟರ್ ಹಾಕಿ ತಂದು ಸಾಲಾಗಿ ನಿಲ್ಲಿಸುತ್ತಾರೆ. ತೀರ್ಪುಗಾರ್ತಿ ಒಂದೊಂದನ್ನೂ ನಡೆಸಿ ನೋಡುತ್ತಾಳೆ. ಹಲ್ಲು ನೋಡುತ್ತಾಳೆ. ಮೇಲಿನ ಸಾಲಲ್ಲಿ ಮುಂದಿನ ಹಲ್ಲೇ ಇರಲ್ಲ, ಕೆಳಗಿನ ಹಲ್ಲು ಮೇಲಿನ ಗಟ್ಟಿ ವಸಡಿಗೆ ಸರಿಯಾಗಿ ಕೂರಬೇಕು. ಬೆನ್ನು, ಕಾಲು, ಬಾಲ ಎಲ್ಲ ಮುಟ್ಟಿ ನೋಡಿ, ಆಮೇಲೆ ಭುಜದ ಹತ್ತಿರ, ಹೊಟ್ಟೆಯ ಪಕ್ಕ, ತೊಡೆಯ ಮೇಲೆ ಎರಡೂ ಕೈಯಿಂದ ಉಣ್ಣೆಯನ್ನು ಬೈತಲೆ ತೆಗೆದ ಹಾಗೆ ಬಿಡಿಸುತ್ತಾಳೆ. ಆ ಕ್ಷಣ ನೋಡಬೇಕು ಕಣ್ರೀ. ಮೇಲೆ ಧೂಳು, ಹುಲ್ಲುಕಡ್ಡಿ ಮೆತ್ತಿಕೊಂಡ ಕೊಳಕು ಕಂದು. ಬಿಡಿಸಿದರೆ ಒಳಗೆ ಜೇನಿನ ಬಣ್ಣದ ಹೊಳಪು, ಸಣ್ಣ ಸಣ್ಣ ಅಲೆ. ತೊಳೆದು, ಒಣಗಿಸಿ, ಸಿಂಗಾರ ಮಾಡಿ ತರೋ ಹಾಗಿಲ್ಲ ಇಲ್ಲಿ, ಇದ್ದ ಹಾಗೇ ತರಬೇಕು. ನಾಯಿಗಳ ಶೋ ತರ ಪೌಡರು, ಬಾಚಣಿಗೆ ಏನೂ ಇಲ್ಲ. ಕೊನೆಗೆ ಮೈಕ್ ಹಿಡಿದು ಇದನ್ನು ಮೊದಲು ಯಾಕಿಟ್ಟೆ, ಅದನ್ನು ಎರಡನೆಯದು ಯಾಕಿಟ್ಟೆ ಅಂತ ಎಲ್ಲರ ಮುಂದೆ ಕಾರಣ ಹೇಳಬೇಕು. ನಮ್ಮ ಟೀವಿ ಸಂಗೀತ ಸ್ಪರ್ಧೆಗಳ ತೀರ್ಪುಗಾರರಿಗೂ ಈ ನಿಯಮ ಮಾಡಿದರೆ ಚೆನ್ನಾಗಿರುತ್ತೆ!

ಆ ಕಾರಣಗಳನ್ನು ಕೂತು ಕೇಳುತ್ತಿದ್ದಾಗಲೇ ನನ್ನ ತಕರಾರು ಶುರುವಾಗಿದ್ದು. "ಅತಿ ನಯ." "ಇದಕ್ಕಿಂತ ಅದು ಇನ್ನೂ ನಯ." ಬೇರೆ ಮಾತೂ ಬರುತ್ತೆ, ದಟ್ಟಣೆ, ಹೊಳಪು, ಮೈಯೆಲ್ಲ ಒಂದೇ ಸಮ ಇರೋದು. ಆದರೆ ಸುತ್ತಿ ಬಳಸಿ ಬರೋದು ನಯಕ್ಕೇ.

ಇದಕ್ಕೊಂದು ಅಳತೆ ಇದೆ, ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗ. ವಿಕೂನ್ಯಾದ ಎಳೆ 12-13 ಮೈಕ್ರಾನ್, ಒಳ್ಳೆ ಪಶ್ಮೀನಾ ಅದರ ಆಸುಪಾಸು. ಅಲ್ಪಾಕಾ 18ರಿಂದ 30ರ ಮೇಲಿನವರೆಗೂ ಹೋಗುತ್ತೆ. ಅಂಗಡಿಯಲ್ಲಿ 'ಬೇಬಿ ಅಲ್ಪಾಕಾ' ಅಂತ ಬರೆದಿರುತ್ತಲ್ಲ, ಅದಕ್ಕೂ ಮರಿಗೂ ಸಂಬಂಧ ಇರಲೇಬೇಕು ಅಂತಿಲ್ಲ. 22.5 ಮೈಕ್ರಾನಿಗಿಂತ ನಯವಾದ ಎಳೆಗೆ ಇಟ್ಟ ದರ್ಜೆಯ ಹೆಸರದು. ಹತ್ತು ವರ್ಷದ ಮುದಿ ಅಲ್ಪಾಕಾದ ಮೈಮೇಲೂ 'ಬೇಬಿ' ಸಿಗಬಹುದು. ನನ್ನ ಪಕ್ಕ ನಿಂತಿದ್ದ ಹೆಂಗಸೊಬ್ಬಳು ಶಾಲು ಕೈಯಲ್ಲಿ ಹಿಡಿದು "ಪಾಪ, ಎಳೇ ಮರಿದಾ?" ಅಂತ ಮುಖ ಸಣ್ಣ ಮಾಡಿದ್ದಳು. ಅಲ್ಲಮ್ಮಾ ಅಂತ ಹೇಳಿ ಸಮಾಧಾನ ಮಾಡಿದೆ.

ಈಗ ಹೆಣೆಯುವವಳಾಗಿ ನನ್ನ ಮಾತು. ನಯವಾದ ಎಳೆ ಬೇಕು, ನಿಜ. ಕತ್ತಿಗೆ ಸುತ್ತೋ ಮಫ್ಲರ್, ಮಗುವಿನ ಟೊಪ್ಪಿಗೆ, ಬರೀ ಮೈಗೆ ತಾಗೋ ಬಟ್ಟೆಗೆ. ಸುಮಾರು 30 ಮೈಕ್ರಾನ್ ದಾಟಿದ ಎಳೆಯ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತೆ, ಉಣ್ಣೆ 'ಕಡಿಯುತ್ತೆ' ಅಂತ ನಾವು ಹೇಳೋದು ಇದಕ್ಕೇ, ಹೆಚ್ಚಿನ ಸಲ ಅಲರ್ಜಿಯೇನೂ ಅಲ್ಲ. ಆದರೆ ಹೊರಗಿನ ಸ್ವೆಟರು? ಕಾಲುಚೀಲ? ಜಮಖಾನ? ಅತಿ ನಯದ ನೂಲಿನಲ್ಲಿ ಹೆಣೆದ ಸ್ವೆಟರಿನ ಕಂಕುಳಲ್ಲಿ, ಮೊಣಕೈಯಲ್ಲಿ ಒಂದೇ ಚಳಿಗಾಲಕ್ಕೆ ಉಂಡೆ ಉಂಡೆ ಏಳುತ್ತೆ. ಅಲ್ಪಾಕಾಗೆ ಇನ್ನೊಂದು ಕಷ್ಟ ಇದೆ. ಕುರಿ ಉಣ್ಣೆಯ ಸ್ಪ್ರಿಂಗು ಇದಕ್ಕಿಲ್ಲ. ಎಳೆ ಜಾರು, ಭಾರ ಬಿದ್ದರೆ ಇಳಿಯುತ್ತೆ, ಇಳಿದಿದ್ದು ಮೇಲೆ ಬರಲ್ಲ. ಸೊಂಟದವರೆಗೆ ಅಂತ ಹೆಣೆದ ಸ್ವೆಟರು ಮಾರ್ಚ್ ಹೊತ್ತಿಗೆ ಮಂಡಿಯ ಕಡೆ ಪ್ರಯಾಣ ಬೆಳೆಸಿರುತ್ತೆ. ಅದಕ್ಕೇ ತಿಳಿದ ನೂಲುಗಾರರು ಅಲ್ಪಾಕಾಗೆ ಸ್ವಲ್ಪ ಕುರಿ ಉಣ್ಣೆ ಬೆರೆಸುತ್ತಾರೆ, ಹೆಣೆಯುವವರು ಸಣ್ಣ ಕಡ್ಡಿ ಹಿಡಿದು ಬಿಗಿಯಾಗಿ ಹೆಣೆಯುತ್ತಾರೆ. ಇದು ಯಾವುದೂ ರಿಂಗಿನಲ್ಲಿ ತೀರ್ಮಾನ ಆಗೋದಿಲ್ಲ. ಅಲ್ಲಿ ತೀರ್ಮಾನ ಆಗೋದು ಪ್ರಾಣಿಯ ಮೈಮೇಲಿರುವ ಉಣ್ಣೆ. ನೂಲಾಗಿ, ಬಟ್ಟೆಯಾಗಿ, ಹತ್ತು ಸಲ ತೊಳೆಸಿಕೊಂಡ ಉಣ್ಣೆಯ ಬಗ್ಗೆ ಯಾರಿಗೂ ಅಂಕ ಇಲ್ಲ.

ಅನ್ಯಾಯದ ಮಾತಾಡಬಾರದು. ಮೂಲೆಯಲ್ಲಿ ಒಂದು ಟೇಬಲ್ ಇತ್ತು. ಅಲ್ಲಿ 'ಸ್ಪಿನ್ ಆಫ್' ಅನ್ನೋ ಸ್ಪರ್ಧೆ. ಸಾಕಿದವರು ಸ್ವಲ್ಪ ಉಣ್ಣೆಯ ಸ್ಯಾಂಪಲ್ ಕೊಡುತ್ತಾರೆ, ತೀರ್ಪುಗಾರರು ಅದನ್ನು ಸ್ವತಃ ಕೈಯಲ್ಲಿ ನೂತು, ನೂಲುವಾಗ ಅದು ಹೇಗೆ ನಡೆದುಕೊಂಡಿತು ಅನ್ನೋದಕ್ಕೆ ಅಂಕ ಕೊಡುತ್ತಾರೆ. ಇಡೀ ಶೋನಲ್ಲಿ ಉಣ್ಣೆಯಿಂದ ಏನಾದರೂ ಮಾಡಿ ನೋಡಿದ ಜಾಗ ಅದೊಂದೇ. ಗಂಟೆ ಹೊತ್ತು ಅಲ್ಲೇ ಇದ್ದೆ. ನಾನು, ನನ್ನ ಗೆಳತಿಯರು, ಮತ್ತೆ ದಾರಿ ತಪ್ಪಿ ಬಂದ ಹಾಗೆ ಕಂಡ ಒಬ್ಬ ಮುದುಕ, ಇಷ್ಟೇ ಪ್ರೇಕ್ಷಕರು. ರಿಂಗಿನ ಸುತ್ತ ಕುರ್ಚಿ ಸಾಲದೆ ಜನ ನಿಂತಿದ್ದರು.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಅಮೆರಿಕದಲ್ಲಿ ಅಲ್ಪಾಕಾದ ಕತೆ ಸ್ವಲ್ಪ ಗೊತ್ತಿರಬೇಕು. ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದಿದ್ದು 1984ರಿಂದ. ಸಾಕುವವರೇ ಸೇರಿ ವಂಶಾವಳಿಯ ರಿಜಿಸ್ಟ್ರಿ ಮಾಡಿಕೊಂಡರು, 1998ರಲ್ಲಿ ಹೊರಗಿಂದ ಬರುವ ಪ್ರಾಣಿಗಳಿಗೆ ಅದರ ಬಾಗಿಲು ಮುಚ್ಚಿದರು. ಪೂರೈಕೆ ಕಟ್ಟಾಯಿತು, ಬೆಲೆ ಏರಿತು. ಟೀವಿಯಲ್ಲಿ ಜಾಹೀರಾತು, ನಿವೃತ್ತರಿಗೆ ತೆರಿಗೆ ಉಳಿತಾಯದ ಆಸೆ. ಒಳ್ಳೆ ಹೆಣ್ಣು ಅಲ್ಪಾಕಾ ಹತ್ತಾರು ಸಾವಿರ ಡಾಲರಿಗೆ ಹೋಗುತ್ತಿತ್ತು. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಇಬ್ಬರು ಅರ್ಥಶಾಸ್ತ್ರಜ್ಞರು, ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್ಟನ್, ಲೆಕ್ಕ ಹಾಕಿ ಬರೆದರು: ಉಣ್ಣೆಯಿಂದ ಬರೋ ಆದಾಯಕ್ಕೂ ಈ ಬೆಲೆಗೂ ತಾಳಮೇಳ ಇಲ್ಲ, ಇದು ಗುಳ್ಳೆ. ಸಾಕಿದವರಿಗೆ ಸಿಟ್ಟು ಬರೋದು ಸಹಜ. ಆದರೆ 2008ರ ಆರ್ಥಿಕ ಕುಸಿತದ ನಂತರ ಗುಳ್ಳೆ ಒಡೆದೇ ಹೋಯಿತು. ಸಾವಿರಗಟ್ಟಲೆ ಕೊಟ್ಟು ತಂದವುಗಳನ್ನು ಪುಕ್ಕಟೆ ಕೊಡ್ತೀನಿ ಅಂದರೂ ತಗೊಳ್ಳೋರಿಲ್ಲದ ಸ್ಥಿತಿ ಬಂತು.

ನಮಗಿದು ಹೊಸ ಕತೆಯೇನಲ್ಲ. ಮಲೆನಾಡಿನವರಿಗೆ 2003ರ ವೆನಿಲ್ಲಾ ನೆನಪಿರಬೇಕು. ಹಸಿ ಕೋಡು ಕಿಲೋಗೆ ಸಾವಿರಗಳಲ್ಲಿ ಹೋಗುತ್ತಿದ್ದಾಗ ಜನ ಅಡಿಕೆ ತೋಟದಲ್ಲಿ ರಾತ್ರಿ ಕಾವಲು ಕೂತಿದ್ದರು. ಆಗ ನಿಜವಾಗಿ ದುಡ್ಡು ಮಾಡಿದವರಲ್ಲಿ ಬಳ್ಳಿಯ ತುಂಡು ಮಾರಿದವರೂ ಇದ್ದರು. ಎರಡು ಮೂರು ವರ್ಷದಲ್ಲಿ ಕೊಯ್ಯುವ ಕೂಲಿಯೂ ಹುಟ್ಟದಾಯಿತು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ಎಮು ಕಂಪನಿಗಳು ಮುಳುಗಿದ್ದೂ ಇದೇ ದಾರಿ. ಮಾರುವ ವಸ್ತು ಕೋಡೂ ಅಲ್ಲ, ಮಾಂಸವೂ ಅಲ್ಲ, ಉಣ್ಣೆಯೂ ಅಲ್ಲ. ಮುಂದೆ ಬರೋ ಇನ್ನೊಬ್ಬ ಸಾಕಣೆಗಾರನಿಗೆ ಮಾರೋ ತಳಿ. ಅವನಿಗೆ ಅವನ ಮುಂದಿನವನು. ಇಂಥ ವ್ಯವಹಾರದಲ್ಲಿ ರಿಬ್ಬನ್ನು ಮುಖ್ಯವಾಗುತ್ತೆ, ಯಾಕಂದರೆ ಬೆಲೆ ಹೇಳೋದು ಅದೇ. ಉಣ್ಣೆ ಪ್ರಾಣಿಯ ಬಯೋಡಾಟಾ ಆಗಿಬಿಡುತ್ತೆ, ಅಷ್ಟೆ.

ಗುಳ್ಳೆ ಒಡೆದ ಮೇಲೂ ಉಳಿದವರು ಈಗಿನ ಶೋಗಳಲ್ಲಿ ಕಾಣೋ ಜನ. ಬಹಳ ಒಳ್ಳೆಯವರು, ಪ್ರಾಣಿಗಳನ್ನು ಹೆಸರು ಹಿಡಿದು ಕರೆಯೋರು. ನಾನು ಮಾತಾಡಿಸಿದ ಒಬ್ಬಾಕೆಗೆ ಎಪ್ಪತ್ತರ ಹತ್ತಿರ. ಇಪ್ಪತ್ತು ಪ್ರಾಣಿ. "ಉಣ್ಣೆ ಏನು ಮಾಡ್ತೀರಿ?" ಅಂದೆ. ನಕ್ಕಳು. ನಾಲ್ಕು ವರ್ಷದ ಉಣ್ಣೆ ಗರಾಜಿನಲ್ಲಿ ಚೀಲಗಳಲ್ಲಿದೆಯಂತೆ. ಮಿಲ್ಲಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ನೂಲು ಮಾಡಿಸೋ ಖರ್ಚು ಮೊದಲೇ ಕೊಡಬೇಕು, ಆಮೇಲೆ ಯಾರು ಕೊಳ್ಳುತ್ತಾರೆ? ವರ್ಷಕ್ಕೊಂದು ಸಲ ಕತ್ತರಿಸಲೇಬೇಕು, ಇಲ್ಲದಿದ್ದರೆ ಬೇಸಿಗೆಯ ಸೆಖೆಗೆ ಪ್ರಾಣಿ ಸಾಯುತ್ತೆ. ಕತ್ತರಿಸುವವನಿಗೆ ತಲೆಗಿಷ್ಟು ಅಂತ ಕೂಲಿ. ಕೊರಳಿಗೆ ನೀಲಿ ರಿಬ್ಬನ್ ಬಿದ್ದ ಪ್ರಾಣಿಯ ಉಣ್ಣೆಯೂ ಅದೇ ಗರಾಜಿಗೇ ಹೋಗೋದು.

ಅವಳ ಚೀಲಗಳಲ್ಲಿರುವುದು ಹೆಚ್ಚಿನದು 25-28 ಮೈಕ್ರಾನಿನ ಮಧ್ಯಮ ದರ್ಜೆಯದ್ದಂತೆ. ವಯಸ್ಸಾಗುತ್ತಾ ಅಲ್ಪಾಕಾದ ಎಳೆ ದಪ್ಪವಾಗುತ್ತೆ, ಮೊದಲ ವರ್ಷದ ನಯ ಆಮೇಲಿರಲ್ಲ. ಚೆನ್ನಾಗಿ ಮೇಯಿಸಿದರೂ ದಪ್ಪವಾಗುತ್ತೆ. ತಮಾಷೆ ನೋಡಿ, ಅರೆಹೊಟ್ಟೆಯಲ್ಲಿಟ್ಟರೆ ಮೈಕ್ರಾನ್ ಇಳಿಯುತ್ತೆ! ಹಾಗಿದ್ದಾಗ ನಯವೊಂದನ್ನೇ ಗುಣ ಅಂತ ಹೇಗೆ ಒಪ್ಪೋದು? ಆ ಮಧ್ಯಮ ಉಣ್ಣೆಯಲ್ಲೇ ಒಳ್ಳೇ ಗಟ್ಟಿ ಸ್ವೆಟರು, ಹಿಮದಲ್ಲಿ ಹಾಕೋ ಕಾಲುಚೀಲ ಆಗೋದು. ಅದನ್ನು ಕೇಳೋರಿಲ್ಲ, ಯಾಕಂದರೆ ಅಂಗಡಿಗೆ ಬಂದವರು ಲಡಿಯನ್ನು ಕೆನ್ನೆಗೆ ಒತ್ತಿ ನೋಡಿ ಕೊಳ್ಳುತ್ತಾರೆ. ಸ್ವಾಮೀ, ನೀವು ಕಾಲುಚೀಲವನ್ನು ಕೆನ್ನೆಗೆ ಹಾಕಿಕೊಳ್ಳುತ್ತೀರಾ?

ಅಲ್ಪಾಕಾ ಜಗತ್ತಿಗೆ ಪರಿಚಯವಾದದ್ದು ಮೆತ್ತಗೆ ಅಂತ ಅಲ್ಲ ಅನ್ನೋದೂ ಮರೆತುಹೋಗಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಅನ್ನೋ ವ್ಯಾಪಾರಿ 1836ರ ಹೊತ್ತಿಗೆ ಲಿವರ್‌ಪೂಲಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕಾ ಮೂಟೆಗಳನ್ನು ಕೊಂಡ. ಹತ್ತಿಯ ಹಾಸಿಗೆ ಅಲ್ಪಾಕಾದ ಹೊಕ್ಕು ಕೊಟ್ಟು ಮಿರಮಿರ ಹೊಳೆಯುವ, ಗಟ್ಟಿಮುಟ್ಟಾದ ಬಟ್ಟೆ ಮಾಡಿದ. ಅದರ ದುಡ್ಡಿನಲ್ಲೇ ಸಾಲ್ಟೇರ್ ಅನ್ನೋ ಊರು ಎದ್ದು ನಿಂತಿತು. 1853ರಲ್ಲಿ ಅಲ್ಲಿ ಮಿಲ್ಲು ಶುರುವಾಯಿತು, 2001ರಲ್ಲಿ ಊರೇ ಯುನೆಸ್ಕೋ ಪಟ್ಟಿಗೆ ಸೇರಿತು. ಬ್ರಿಟಿಷರ ಕಾಲದಲ್ಲಿ ನಮ್ಮ ವಕೀಲರು, ಗುಮಾಸ್ತರು ಹಾಕುತ್ತಿದ್ದ ಕಪ್ಪು ಅಲ್ಪಾಕಾ ಕೋಟು ಇದೇ ವಂಶದ್ದು. ಹಳೇ ಕಾದಂಬರಿ ಓದೋರಿಗೆ ಆ ಕೋಟಿನ ಪರಿಚಯ ಇರುತ್ತೆ. ಅದನ್ನು ಕೊಂಡವರು ಬಾಳಿಕೆ ನೋಡಿದರು, ಹೊಳಪು ನೋಡಿದರು. ಕೆನ್ನೆಗೆ ಒತ್ತಿ ನೋಡಿದ ಗುಮಾಸ್ತನನ್ನು ನಾನಂತೂ ಕಲ್ಪಿಸಿಕೊಳ್ಳಲಾರೆ.

ಇನ್ನು ಪೆರು. ಅಲ್ಲಿ 4000 ಮೀಟರ್ ಎತ್ತರದಲ್ಲಿ, ಬೇರೇನೂ ಬೆಳೆಯದ ಜಾಗದಲ್ಲಿ ಸಣ್ಣ ಸಣ್ಣ ಹಿಂಡು ಇಟ್ಟುಕೊಂಡಿರೋ ಕುಟುಂಬಗಳಿಗೆ ಇದು ಹವ್ಯಾಸ ಅಲ್ಲ, ಹೊಟ್ಟೆಪಾಡು. ಮಿಲ್ಲಿನವರಿಗೆ ಬಿಳಿ ಬೇಕು, ಯಾಕಂದರೆ ಬಿಳಿಗೆ ಯಾವ ಬಣ್ಣ ಬೇಕಾದರೂ ಹಾಕಬಹುದು. ದಶಕಗಟ್ಟಲೆ ಬಿಳಿಗೇ ಹೆಚ್ಚು ಬೆಲೆ ಕೊಟ್ಟಿದ್ದರ ಫಲ, ಕಂದು, ಬೂದು, ಕಪ್ಪು ಹಿಂಡುಗಳು ಕರಗಿವೆ. ಜೇನ್ ವೀಲರ್ ಅನ್ನೋ ವಿಜ್ಞಾನಿ ದಕ್ಷಿಣ ಪೆರುವಿನ ಎಲ್ ಯರಾಲ್ ಎಂಬಲ್ಲಿ ಸಿಕ್ಕ, ಸುಮಾರು ಸಾವಿರ ವರ್ಷ ಹಳೆಯ, ಒಣಗಿ ಉಳಿದ ಅಲ್ಪಾಕಾ, ಲಾಮಾ ದೇಹಗಳನ್ನು ಪರೀಕ್ಷಿಸಿದಾಗ ಅವುಗಳ ಎಳೆ ಈಗಿನವಕ್ಕಿಂತ ನಯವಾಗಿ, ಒಂದೇ ಸಮವಾಗಿ ಇತ್ತಂತೆ. ಸ್ಪೇನಿನವರು ಬಂದ ಮೇಲೆ ಹಿಂಡು ನಾಶವಾಗಿ, ತಳಿ ಕಲಬೆರಕೆಯಾಗಿ ಆ ಜ್ಞಾನ ಹೋಯಿತು. "ನೋಡಿದಿರಾ, ನಯವೇ ಮೂಲ" ಅಂತ ಶೋ ಜನ ಇದನ್ನು ತಮ್ಮ ಪರವಾಗಿ ಹೇಳಬಹುದು. ನಾನು ಬೇರೆ ತರ ಓದ್ತೀನಿ. ಆ ಜನಕ್ಕೆ ಯಾವ ಎಳೆ ಯಾವುದಕ್ಕೆ ಅನ್ನೋದು ಗೊತ್ತಿತ್ತು. ನಯವಾದದ್ದು ಒಳ್ಳೆ ಬಟ್ಟೆಗೆ, ಒರಟಾದದ್ದು ಹಗ್ಗಕ್ಕೆ, ಗೋಣಿಗೆ. ಎರಡಕ್ಕೂ ಮನೆಯಲ್ಲಿ ಜಾಗ ಇತ್ತು.

ಇಲ್ಲಿಗೆ ಕಂಬಳಿ ಬಂತು ನೋಡಿ.

ನಮ್ಮ ದಖನಿ ಕುರಿಯ ಎಳೆ ಒಳ್ಳೆ ಅಲ್ಪಾಕಾದ ಎರಡರಷ್ಟಾದರೂ ದಪ್ಪ. ಕಪ್ಪು, ಒರಟು. ಮೈಕ್ರಾನ್ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ, 'ಕಾರ್ಪೆಟ್ ದರ್ಜೆ' ಅಂತ ಒಂದು ಮೂಲೆಗೆ ತಳ್ಳಿಬಿಡುತ್ತಾರೆ. ಆದರೆ ಚಳ್ಳಕೆರೆಯಲ್ಲೋ ಮೇಡ್ಲೇರಿಯಲ್ಲೋ ನೇಯ್ದ ಕಂಬಳಿಯನ್ನು ಕೇಳಿ. ಹೆಂಗಸರು ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ನೇಯ್ದದ್ದು. ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಚಳಿಗೆ ಹೊದಿಕೆ, ಕಾಳು ಒಣಗಿಸೋಕೆ ಹಾಸು, ಬೀರಪ್ಪನ ಪೂಜೆಗೆ ಗದ್ದುಗೆ. ನಮ್ಮ ಅಜ್ಜನ ಮನೆಯಲ್ಲಿದ್ದ ಕಂಬಳಿಗೆ ನನಗಿಂತ ಹೆಚ್ಚು ವಯಸ್ಸು. ಚುಚ್ಚುತ್ತಿತ್ತಾ? ಭಯಂಕರ ಚುಚ್ಚುತ್ತಿತ್ತು. ಅದಕ್ಕೇ ಒಳಗೊಂದು ಹಳೇ ಸೀರೆ ಹಾಸಿಕೊಳ್ಳುತ್ತಿದ್ದೆವು. ಸಮಸ್ಯೆ ಅಲ್ಲಿಗೆ ಮುಗಿಯುತ್ತಿತ್ತು!

ದಖನ್ ಪ್ರಸ್ಥಭೂಮಿಯಲ್ಲಿ ಮೆರಿನೋ, ರಾಂಬುಲೆ ಟಗರು ತಂದು ಈ ಕುರಿಯನ್ನು 'ಸುಧಾರಿಸುವ' ಸರ್ಕಾರಿ ಪ್ರಯತ್ನಗಳು ನಡೆದವು. ಆಮೇಲೆ ಉಣ್ಣೆಯೇ ಬೇಡ, ಮಾಂಸ ಸಾಕು ಅಂತಾಯಿತು, ಉಣ್ಣೆಯಿಲ್ಲದ ಬೋಳು ತಳಿಗಳ ಟಗರು ಬಂದವು. ಈಗ ಎಷ್ಟೋ ಕುರಿಗಾಹಿಗಳು ಕೂಲಿ ಕೊಟ್ಟು ಉಣ್ಣೆ ಕತ್ತರಿಸಿ ಅಲ್ಲೇ ಬಿಟ್ಟು ಬರುತ್ತಾರೆ. ಒಹಾಯೋದ ಗರಾಜಿಗೂ ಚಿತ್ರದುರ್ಗದ ಬಯಲಿಗೂ ಅಷ್ಟೇನೂ ದೂರ ಇಲ್ಲ ಅನ್ನಿಸಿಬಿಟ್ಟಿತು ನನಗೆ. ವ್ಯತ್ಯಾಸ ಏನೆಂದರೆ ಆ ಅಜ್ಜಿಗೆ ಪೆನ್ಶನ್ ಇದೆ, ಇವರಿಗಿಲ್ಲ.

"ಹಾಗಾದರೆ ಎಲ್ಲರೂ ಕಂಬಳಿ ಹೊದೆಯಿರಿ ಅಂತೀಯಾ?" ಅಂತ ಗೆಳತಿ ವಾಪಸ್ ಬರುವಾಗ ಕಾರಿನಲ್ಲಿ ರೇಗಿಸಿದಳು. ಇಲ್ಲಮ್ಮಾ. ನಾನು ಕೇಳ್ತಿರೋದು ಸಣ್ಣ ವಿಷಯ. ಶೋ ನಡೆಸುವವರು ರಿಂಗಿನ ಪಕ್ಕದಲ್ಲೇ, ಮೂಲೆಯಲ್ಲಲ್ಲ, ಇನ್ನೊಂದು ಸ್ಪರ್ಧೆ ಇಡಲಿ: ಎರಡು ವರ್ಷ ಹಾಕಿದ ಕಾಲುಚೀಲ ತನ್ನಿ, ಐದು ವರ್ಷ ಹೊದ್ದ ಶಾಲು ತನ್ನಿ, ಯಾವ ಪ್ರಾಣಿಯ ಉಣ್ಣೆ ಅಂತ ಹೇಳಿ, ಅದಕ್ಕೆ ಅಂಕ ಕೊಡೋಣ. ತೀರ್ಪುಗಾರರ ಸಾಲಿನಲ್ಲಿ ಒಬ್ಬ ಹೆಣೆಯುವವಳು ಇರಲಿ. ಅಂಗಡಿಯವರು ಲಡಿಯ ಚೀಟಿಯ ಮೇಲೆ 'ಬೇಬಿ', 'ರಾಯಲ್' ಅಂತ ಬರೆಯೋ ಬದಲು ಇದು ಕತ್ತಿಗೆ, ಇದು ಕಾಲಿಗೆ ಅಂತ ಬರೆಯಲಿ. ನಾವು ಹೆಣೆಯುವವರೂ ಅಷ್ಟೆ, ಕೆನ್ನೆ ಬಿಟ್ಟು ಬೆರಳಲ್ಲಿ ನೋಡೋಣ. ಎರಡು ಬೆರಳ ಮಧ್ಯೆ ಎಳೆದು, ಜಗ್ಗಿ, ಬಿಟ್ಟು ನೋಡಿದರೆ ಗೊತ್ತಾಗುತ್ತೆ.

ಬೆಲೆಯ ಮಾತೂ ಆಡಲೇಬೇಕು. ಅಲ್ಲಿ 50 ಗ್ರಾಂ ಲಡಿಗೆ 20 ಡಾಲರ್ ಆಸುಪಾಸು. ಒಂದು ಸ್ವೆಟರಿಗೆ 500 ಗ್ರಾಂ ಹಿಡಿದರೂ ನೂಲಿಗೇ 200 ಡಾಲರ್, ಮೇಲೆ ನನ್ನ ಎರಡು ತಿಂಗಳ ಸಂಜೆಗಳು. ದೇಸಿ ಪಾರ್ಟಿಗಳಲ್ಲಿ ಇದನ್ನು ಹೇಳಿದರೆ "ಅಯ್ಯೋ, ಮಾಲಿನಲ್ಲಿ 25 ಡಾಲರಿಗೆ ಸಿಗುತ್ತಲ್ರೀ" ಅಂತಾರೆ. ಸಿಗುತ್ತೆ. ಅದು ಹೆಚ್ಚಾಗಿ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಎಷ್ಟು ಮೆತ್ತಗಿರುತ್ತೆ ಗೊತ್ತಾ? ಅಲ್ಪಾಕಾಕ್ಕಿಂತಲೂ ಮೆತ್ತಗೆ ಮಾಡಬಹುದು ಅದನ್ನು. ಮೆತ್ತಗೆ ಅನ್ನೋದೇ ಕೊನೇ ಮಾತಾದರೆ ಗೆಲ್ಲೋದು ಪ್ಲಾಸ್ಟಿಕ್ಕೇ, ಅಲ್ಪಾಕಾನೂ ಅಲ್ಲ, ಕುರಿಯೂ ಅಲ್ಲ. ನಯದ ಹಿಂದೆ ಓಡೋ ಶೋ ಜನಕ್ಕೆ ಇದು ಯಾಕೆ ಹೊಳೆಯಲ್ಲವೋ.

ನಾನು ಕೊನೆಗೆ ಕೊಂಡದ್ದು ಆ ಅಜ್ಜಿಯ ಹತ್ತಿರವೇ. ಹೇಗೋ ಒಂದು ವರ್ಷದ್ದನ್ನು ಮಿಲ್ಲಿಗೆ ಕಳಿಸಿ ಮಾಡಿಸಿದ್ದಳು, ಸ್ವಲ್ಪ ಕುರಿ ಉಣ್ಣೆ ಬೆರೆಸಿದ, ಬಣ್ಣ ಹಾಕದ ಕಂದು ನೂಲು, ಆರು ಲಡಿ. ಮಧ್ಯಮ ದರ್ಜೆ ಅಂತ ಬೆಲೆ ಕಡಿಮೆ. ಅಲ್ಲೊಂದು ಇಲ್ಲೊಂದು ಹುಲ್ಲಿನ ಚೂರು ಇನ್ನೂ ಸಿಗುತ್ತಿದೆ. ಪ್ರತಿಜ್ಞೆ ಮುರಿಯಲಿಲ್ಲ, 96 ಡಾಲರ್. ಯಜಮಾನರಿಗೊಂದು ತೋಳಿಲ್ಲದ ಸ್ವೆಟರು ಶುರು ಮಾಡಿದ್ದೇನೆ, ಬೆನ್ನಿನ ಭಾಗ ಮುಗಿದಿದೆ. ಕ್ರಿಕೆಟ್ ನೋಡುವಾಗ ಹಾಕಿಕೊಳ್ಳಲಿ :-)

ಈ ಸಲ ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇವೆ. ಚಿತ್ರದುರ್ಗ, ಹಾವೇರಿ, ಬೆಳಗಾವಿ ಕಡೆಯ ಓದುಗರು ಯಾರಾದರೂ ಇದ್ದರೆ ಒಂದು ಉಪಕಾರ ಮಾಡಿ. ಕೈಯಲ್ಲಿ ನೂತ ದಖನಿ ಉಣ್ಣೆಯ ನೂಲು, ನೇಯೋದಕ್ಕೆ ಮೊದಲು, ಗಂಜಿ ಹಚ್ಚೋದಕ್ಕೆ ಮೊದಲು, ಬರೀ ನೂಲಾಗಿ ಎರಡು ಕಿಲೋ ಎಲ್ಲಿ ಸಿಗುತ್ತೆ? ನೂಲುವವರ ಕೈಗೇ ದುಡ್ಡು ಹೋಗಬೇಕು. ಹೊರಗೆ ಹಾಕೋ ಒಂದು ಕೋಟು ಹೆಣೆಯೋ ಆಸೆ ಇದೆ. ಒಳಗಡೆಗೆ ಅಮ್ಮನ ಹಳೇ ಸೀರೆ ಲೈನಿಂಗ್ ಕೊಡ್ತೀನಿ.